ಯಾರನ್ನು ಕೇಳಿ ಕೊಳ್ಳಬೇಕು?

ಹೊರನಾಡಿನಲ್ಲಿ ಮೂವತ್ತು ವರ್ಷ ಕಳೆದ ಕನ್ನಡಿಗನಿಗೆ ನಿವೃತ್ತಿ ಹತ್ತಿರ ಬಂದಂತೆ ಒಂದು ಆಸೆ ಹುಟ್ಟಿಕೊಳ್ಳುತ್ತದೆ. ಊರ ಕಡೆ ಒಂದು ಮನೆ ಇರಬೇಕು. ಫ್ಲ್ಯಾಟ್ ಅಲ್ಲ, ಮನೆ. ಕಲ್ಲಿನ ಗೋಡೆ, ಕಟ್ಟಿಗೆಯ ಕಂಬ, ಪಡಸಾಲೆ, ಹಿತ್ತಲಲ್ಲಿ ಒಂದು ಬೇವಿನ ಮರ. ಹುಟ್ಟಿದ ಮನೆ ಎಂದೋ ವಾಟ್ನಿಯಲ್ಲಿ ಯಾರದೋ ಪಾಲಿಗೆ ಹೋಗಿರುತ್ತದೆ. ಸ್ವಂತ ಹಳ್ಳಿಗೆ ಹೋದರೆ ಹಳೆಯ ಲೆಕ್ಕಗಳೆಲ್ಲ ಎದ್ದು ಕೂರುತ್ತವೆ. ಹೀಗಾಗಿ ನಮ್ಮ ಪುಣೆಯ ಕನ್ನಡಿಗರ ಕಣ್ಣು ಬಾದಾಮಿ, ಐಹೊಳೆ, ವಿಜಯಪುರ, ಹಂಪಿ, ಶ್ರೀರಂಗಪಟ್ಟಣದಂಥ ಊರುಗಳ ಕಡೆ ಹೊರಳುತ್ತದೆ. ಅಲ್ಲಿ ಇತಿಹಾಸವಿದೆ, ಬಂದ ನೆಂಟರಿಗೆ ತೋರಿಸಲು ನಾಲ್ಕು ಗುಡಿಗಳಿವೆ, ಬೆಲೆಯೂ ಕೈಗೆಟುಕುವಂತಿದೆ.

ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಚಹಾ ಕುಡಿಯುವಾಗ ಈ ವಿಷಯ ಬಂದರೆ ಸಲಹೆ ಕೊಡಲು ಹತ್ತು ಜನ ಸಿಗುತ್ತಾರೆ. ಉತಾರ ನೋಡಿ, ಋಣಭಾರ ಪತ್ರ ತೆಗೆಸಿ, ವಕೀಲರಿಗೆ ತೋರಿಸಿ, ಚಕಬಂದಿ ಅಳೆಸಿ. ಎಲ್ಲವೂ ಸರಿಯಾದ ಸಲಹೆಗಳೇ. ಇದನ್ನೆಲ್ಲ ಏಕೆ ಮಾಡಬೇಕು ಎಂದು ಕೇಳಿದರೆ ಹತ್ತೂ ಜನರದು ಒಂದೇ ಉತ್ತರ: "ದುಡ್ಡು ಮುಳುಗಬಾರದಲ್ರೀ!" ನನ್ನನ್ನು ಕಾಡುತ್ತಿರುವ ಪ್ರಶ್ನೆ ಅದಕ್ಕಿಂತ ಸ್ವಲ್ಪ ಆಚೆಗಿನದು. ಕಾಗದ ಪತ್ರ ಪರಿಶೀಲಿಸುವುದು ಬರೀ ನಮ್ಮ ದುಡ್ಡಿನ ರಕ್ಷಣೆಗೋ, ಅಥವಾ ಅದರಲ್ಲಿ ಬೇರೆಯವರಿಗೆ ಸಲ್ಲಬೇಕಾದ ಏನಾದರೂ ಇದೆಯೋ? ದುಡ್ಡು ಮುಳುಗುವುದಿಲ್ಲ ಎಂದು ಖಾತ್ರಿಯಾದ ಮೇಲೂ ನಾವು ಕೇಳಬೇಕಾದ ಪ್ರಶ್ನೆಗಳು ಉಳಿಯುತ್ತವೆಯೋ?

ನಮ್ಮ ಬಳಗದ ಹಿರಿಯರೊಬ್ಬರ ಸಂಗತಿ ಹೇಳುತ್ತೇನೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಗುಳೇದಗುಡ್ಡದ ಕಡೆಯವರು. ಬಾದಾಮಿಯ ಹಳೆಯ ಓಣಿಯಲ್ಲಿ ಒಂದು ಮನೆ ನೋಡಿ ಮನಸೋತರು. ಕೆಂಪು ಕಲ್ಲಿನ ಗೋಡೆ, ಮೇಲ್ಮುದ್ದೆ, ದೊಡ್ಡ ಪಡಸಾಲೆ. ಅಂಗಳದಲ್ಲಿ ನಿಂತು ಕತ್ತೆತ್ತಿದರೆ ಗುಡ್ಡದ ಬಂಡೆ. ಮಾಲೀಕ ಹೇಳಿದ ಬೆಲೆಗೆ ಪುಣೆಯಲ್ಲಿ ಒಂದು ಖೋಲಿಯೂ ಬರುವುದಿಲ್ಲ. ನಡುವಿನ ದಲಾಲಿ ಮಾತ್ರ ಬಹಳ ಅವಸರದಲ್ಲಿದ್ದ. "ಕಾಗದ ಎಲ್ಲಾ ಬರೋಬ್ಬರಿ ಅದಾವ್ರಿ ಸಾಹೇಬ್ರ. ಹೆಚ್ಚಿಗಿ ಕೇಳಾಕ ಹೋಗಬ್ಯಾಡ್ರಿ. ಕೇಳ್ಕೋಂತ ಹೋದ್ರ ಕೆಲಸ ಕೆಡತೈತಿ" ಎಂದ.

ಅವನ ಮಾತು ಸುಳ್ಳಲ್ಲ. ಕೇಳುತ್ತ ಹೋದರೆ ಕೆಲಸ ಕೆಡುತ್ತದೆ. ಹಾಗಾದರೆ ಕೇಳದೇ ಇರುವುದು ಜಾಣತನವೇ?

ಈ ಪ್ರಶ್ನೆಗೆ ಕಾನೂನು ಬಹಳ ಹಿಂದೆಯೇ ಒಂದು ಉತ್ತರ ಕೊಟ್ಟಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 3ನೇ ಕಲಮಿನಲ್ಲಿ 'ತಿಳಿವಳಿಕೆ' ಎಂದರೇನು ಎಂದು ವಿವರಿಸಿದ್ದಾರೆ. ಒಬ್ಬನಿಗೆ ಒಂದು ಸಂಗತಿ ನಿಜವಾಗಿ ಗೊತ್ತಿದ್ದರೆ ಅದು ತಿಳಿವಳಿಕೆ. ಆದರೆ ವಿಚಾರಿಸಬೇಕಾದದ್ದನ್ನು ಬೇಕೆಂದೇ ವಿಚಾರಿಸದೆ ಬಿಟ್ಟಿದ್ದರೆ, ವಿಚಾರಿಸಿದ್ದರೆ ಗೊತ್ತಾಗುತ್ತಿತ್ತು ಎಂಬುದು ಖಚಿತವಿದ್ದರೆ, ಆಗಲೂ ಅವನಿಗೆ ಗೊತ್ತಿತ್ತೆಂದೇ ಲೆಕ್ಕ. ನೋಂದಣಿಯಾದ ಪತ್ರದಲ್ಲಿರುವುದು ಕೊಳ್ಳುವವನಿಗೆ ಗೊತ್ತಿದೆ ಎಂದು ಲೆಕ್ಕ. ಆ ಜಾಗದಲ್ಲಿ ಯಾರಾದರೂ ವಾಸವಿದ್ದರೆ, ಅವರಿಗೆ ಏನಾದರೂ ಹಕ್ಕಿದ್ದರೆ, ಅದೂ ಗೊತ್ತಿದೆ ಎಂದು ಲೆಕ್ಕ. ಸರಳವಾಗಿ ಹೇಳಬೇಕೆಂದರೆ, ಕಣ್ಣು ಮುಚ್ಚಿಕೊಂಡವನು ಕತ್ತಲಿತ್ತು ಎಂದು ಹೇಳುವಂತಿಲ್ಲ. ಆಸ್ತಿಯ ಕಾನೂನಿನಲ್ಲಿ ಇಂಥ ದೊಡ್ಡ ನೀತಿಯ ಮಾತು ಅಡಗಿ ಕುಳಿತಿರುವುದು ನನಗೆ ಇಂದಿಗೂ ಆಶ್ಚರ್ಯ.

ನಮ್ಮ ಹಿರಿಯರು ಬ್ಯಾಂಕಿನವರಲ್ಲವೇ, ಸಾಲ ಕೊಡುವಾಗ ನೂರೆಂಟು ಕಾಗದ ಕೇಳಿ ಅಭ್ಯಾಸ. ದಲಾಲಿಯ ಮಾತಿಗೆ ನಕ್ಕು ಮೊದಲನೆಯ ಪ್ರಶ್ನೆ ಕೇಳಿದರು: ಇಷ್ಟು ಸೋವಿ ಏಕೆ?

ಉತ್ತರ ಓಣಿಯ ತಿರುವಿನಲ್ಲೇ ಇತ್ತು. ಬಾದಾಮಿಯ ಊರೊಳಗೇ, ಮನೆಗಳ ನಡುವೆ ಜಂಬುಲಿಂಗ ಗುಡಿ ಇದೆ. ಚಾಲುಕ್ಯರ ವಿಜಯಾದಿತ್ಯನ ತಾಯಿ ವಿನಯವತಿ 699ರಲ್ಲಿ ಕಟ್ಟಿಸಿದ್ದು. ಇಂಥ ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾನೂನು ಅನ್ವಯಿಸುತ್ತದೆ. 1992ರ ಜೂನ್ 16ರಂದು ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿ, ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶ ಎಂದು ಗೊತ್ತುಮಾಡಿತು. 2010ರ ತಿದ್ದುಪಡಿ ಅದನ್ನು ಕಾನೂನಿನ ಒಳಗೇ ಸೇರಿಸಿತು. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. 1992ಕ್ಕಿಂತ ಹಿಂದಿನ ಮನೆಯಿದ್ದರೆ ದುರಸ್ತಿಗೆ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ನಿಯಂತ್ರಿತ ಪ್ರದೇಶದಲ್ಲಿ ಕಟ್ಟಬಹುದು, ಅದಕ್ಕೂ ಅನುಮತಿ ಬೇಕು. ಮೀರಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇನ್ನೊಂದು ಸೂಕ್ಷ್ಮವಿದೆ. ಈ ನೂರು ಮೀಟರನ್ನು ಗುಡಿಯ ಗೋಡೆಯಿಂದ ಅಳೆಯುವುದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯುವುದು. ಹೆಜ್ಜೆ ಹಾಕಿ ಎಣಿಸಿ "ನೂರಾಹತ್ತು ಆತು" ಎಂದು ಸಮಾಧಾನಪಟ್ಟರೆ ನಡೆಯುವುದಿಲ್ಲ.

ಈ ಮನೆ ಆ ನೂರರ ಒಳಗೇ ಇತ್ತು. ಸೋವಿಯಾಗಿದ್ದು ಅದಕ್ಕೇ.

ಇಲ್ಲಿ ನನಗೆ ನೀತಿಯ ಮೊದಲನೆಯ ತೊಡಕು ಕಾಣುತ್ತದೆ. ಬೆಲೆ ಕಡಿಮೆಯಾದದ್ದು ಮಾಲೀಕನ ತಪ್ಪಿನಿಂದಲ್ಲ. ಅವನ ಅಜ್ಜನ ಅಜ್ಜ ಮನೆ ಕಟ್ಟಿದಾಗ ಆ ಗುಡಿ ಬರೀ ನೆರೆಮನೆಯಾಗಿತ್ತು. ಮಗನ ಮದುವೆಗೆ ಮೇಲೊಂದು ಖೋಲಿ ಏರಿಸಬೇಕು ಎಂದರೆ ಇವನಿಗೆ ಸಾಧ್ಯವಿಲ್ಲ. ಅದಕ್ಕೇ ಮಾರಿ ಊರ ಹೊರಗಿನ ಲೇಔಟಿಗೆ ಹೋಗುತ್ತಾನೆ. ಅಲ್ಲಿ ಸಿಮೆಂಟಿನ ಮನೆ ಕಟ್ಟಿಸುತ್ತಾನೆ. ನಾವು ಪುಣೆಯಿಂದ ಬಂದು ಅವನ ಕಷ್ಟದ ಬೆಲೆಗೆ ಆ ಮನೆ ಕೊಂಡು, "ಆಹಾ, ಎಂಥಾ ಕಲ್ಲು, ಎಂಥಾ ಕಂಬ!" ಎಂದು ಫೋಟೊ ತೆಗೆಯುತ್ತೇವೆ. ಹಳೆಯದರ ಮೇಲಿನ ನಮ್ಮ ಪ್ರೀತಿ ನಿಜವೇ ಇರಬಹುದು. ಆದರೆ ಅದಕ್ಕೆ ಬೆಲೆ ತೆತ್ತವನು ಅವನು.

ಪುಣೆಯಲ್ಲಿರುವ ನನಗೆ ಈ ನೋವು ಹೊಸದಲ್ಲ. ಇಲ್ಲಿನ ಶನಿವಾರವಾಡೆಯ ಸುತ್ತಲೂ ಇದೇ ನೂರು ಮೀಟರಿನ ಗೆರೆ ಇದೆ. ಪೇಶ್ವೆಯ ಅರಮನೆ 1828ರಲ್ಲಿ ಬೆಂಕಿಗೆ ಬಿದ್ದು ಹೋಯಿತು. ಈಗ ಉಳಿದಿರುವುದು ಕೋಟೆಗೋಡೆ, ಬಾಗಿಲು ಮತ್ತು ತಳಪಾಯ. ಸುತ್ತಲಿನ ಹಳೆಯ ವಾಡೆಗಳಲ್ಲಿ ಇರುವವರು ಮಳೆಗಾಲದಲ್ಲಿ ಗೋಡೆ ಕುಸಿದೀತೆಂದು ಹೆದರುತ್ತಾರೆ. ಕೆಡವಿ ಕಟ್ಟಲು ಬರುವುದಿಲ್ಲ. ನಿಯಮ ಸಡಿಲಿಸಿ ಎಂದು ವರ್ಷಗಟ್ಟಲೆ ಕೇಳುತ್ತಿದ್ದಾರೆ. ಅವರ ಮಾತು ಕೇಳಿದಾಗ ನನಗನ್ನಿಸುವುದು ಇಷ್ಟು: ಇತಿಹಾಸ ಎಲ್ಲರ ಆಸ್ತಿ ಎನ್ನುತ್ತೇವೆ, ಆದರೆ ಅದನ್ನು ಕಾಯುವ ಖರ್ಚು ಮಾತ್ರ ಪಕ್ಕದ ಮನೆಯವನ ತಲೆಯ ಮೇಲೆ.

ಹಾಗೆಂದು ನಿಯಮವೇ ಬೇಡವೆನ್ನಲು ನನಗೆ ಧೈರ್ಯವಿಲ್ಲ. ನೂರು ಮೀಟರಿನ ಗೆರೆ ಇಲ್ಲದಿದ್ದರೆ ಅಗಸ್ತ್ಯತೀರ್ಥದ ದಂಡೆಯ ತುಂಬ ಇಷ್ಟು ಹೊತ್ತಿಗೆ ಲಾಡ್ಜುಗಳು ಎದ್ದಿರುತ್ತಿದ್ದವು. ಆಮೇಲೆ ಬಾದಾಮಿಯಲ್ಲಿ ಮನೆ ಬೇಕು ಎಂಬ ಆಸೆಯೇ ನಮ್ಮಂಥವರಿಗೆ ಹುಟ್ಟುತ್ತಿರಲಿಲ್ಲ. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ನಾವು ಪೂರ್ತಿ ಯೋಚನೆ ಮಾಡಿಲ್ಲ ಎಂದರ್ಥ.

ಐಹೊಳೆಗೆ ಹೋದವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಅಲ್ಲಿ ಗುಡಿ ಯಾವುದು, ಮನೆ ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಲಾಡಖಾನ್ ಗುಡಿ ಎನ್ನುತ್ತಾರೆ. ಲಾಡಖಾನ್ ಅದನ್ನು ಕಟ್ಟಿಸಿದವನಲ್ಲ, ಹಿಂದೊಮ್ಮೆ ಅದರೊಳಗೆ ವಾಸವಿದ್ದವನು. ಆ ವಾಸವೇ ಇಂದು ಗುಡಿಯ ಹೆಸರಾಗಿ ಉಳಿದಿದೆ. ಕಟ್ಟಿಸಿದ ರಾಜನ ಹೆಸರು ಜನ ಮರೆತರು, ಇದ್ದವನ ಹೆಸರು ನೆನಪಿಟ್ಟರು. ಆ ಹಳ್ಳಿಯನ್ನೇ ಬೇರೆಡೆಗೆ ಸ್ಥಳಾಂತರಿಸಬೇಕು ಎಂಬ ಮಾತು ದಶಕಗಳಿಂದ ನಡೆದಿದೆ. ಅಂಥ ಊರಲ್ಲಿ ಮನೆ ಕೊಳ್ಳುವವನು ಗೋಡೆಯನ್ನಷ್ಟೇ ಕೊಳ್ಳುವುದಿಲ್ಲ, ಆ ಅನಿಶ್ಚಯವನ್ನೂ ಕೊಳ್ಳುತ್ತಾನೆ.

ಅನಿಶ್ಚಯ ಎಂದರೆ ಏನೆಂದು ಹಂಪಿಯವರನ್ನು ಕೇಳಬೇಕು. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಎಲ್ಲರೂ ಹೆಮ್ಮೆಪಟ್ಟೆವು. 2002ರಲ್ಲಿ ಹಂಪಿ ಪ್ರಾಧಿಕಾರದ ಕಾನೂನು ಬಂತು. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬಜಾರದಲ್ಲಿ, ಕಲ್ಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿ ಕಟ್ಟಡಗಳನ್ನು ಕೆಡವಿದರು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಸಾಲಾಗಿ ಎದ್ದಿದ್ದ ರೆಸಾರ್ಟುಗಳು ಅಕ್ರಮ ಎಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ಆ ಜಾಗವನ್ನು ಸಂರಕ್ಷಿತ ಎಂದು ರಾಜ್ಯ ಸರಕಾರ ಘೋಷಿಸಿದ್ದು 1988ರಲ್ಲಿ. ಮೂವತ್ತು ವರ್ಷ ಸುಮ್ಮನಿದ್ದ ಕಾಗದ ಒಂದು ದಿನ ಎದ್ದು ನಿಂತಿತು. "ಎಲ್ಲಾರೂ ಕಟ್ಟ್ಯಾರ, ನಾವೂ ಕಟ್ಟಿದ್ರ ಏನಾಗತೈತಿ" ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಶ್ರೀರಂಗಪಟ್ಟಣದಲ್ಲಿ ಬೆಂಗಳೂರು-ಮೈಸೂರು ರೈಲಿನ ಜೋಡಿಹಳಿಗೆ ಟಿಪ್ಪುವಿನ ಕಾಲದ ಮದ್ದಿನಮನೆ ಅಡ್ಡ ಬಂದಾಗ, 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಒಡೆಯದೆ ಉಳಿಸಿದ್ದು ಒಳ್ಳೆಯದೇ. ಆದರೆ ಸರಕಾರಕ್ಕೆ ಬೇಕಾದಾಗ ಸ್ಮಾರಕವೇ ಜರುಗುತ್ತದೆ, ಬಡವನಿಗೆ ಬೇಕಾದಾಗ ಬಚ್ಚಲುಮನೆಯೂ ಜರುಗುವುದಿಲ್ಲ ಎಂದು ಸ್ಮಾರಕದ ಪಕ್ಕದವನು ಗೊಣಗಿದರೆ ಅವನನ್ನು ತಪ್ಪು ಎನ್ನಲಾರೆ. ಕೇಳುವ ಕರ್ತವ್ಯ ಕೊಳ್ಳುವವನಿಗೆ ಮಾತ್ರ ಇರುವುದಲ್ಲ, ಆಳುವವರಿಗೂ ಇದೆ.

ಇನ್ನು ಬಾದಾಮಿಯ ಮನೆಯ ಎರಡನೆಯ ಪ್ರಶ್ನೆಗೆ ಬರೋಣ. ಈ ಮನೆಯಲ್ಲಿ ಇನ್ನೂ ಯಾರು ಯಾರು ಇದ್ದಾರೆ?

ಉತಾರದಲ್ಲಿ ಮಾಲೀಕನದೊಂದೇ ಹೆಸರು. ತಂದೆ ತೀರಿದ ಮೇಲೆ ವಾರಸಾ ಹಚ್ಚಿಸಿಕೊಂಡಿದ್ದ. ಆದರೆ ದಾಖಲೆಯಲ್ಲಿ ಹೆಸರು ಏರಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಏರದ ಮಾತ್ರಕ್ಕೆ ಸಾಯುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ವಿಚಾರಿಸಿದಾಗ ಸೊಲ್ಲಾಪುರಕ್ಕೆ ಕೊಟ್ಟ ತಂಗಿಯೊಬ್ಬಳಿದ್ದಾಳೆ ಎಂದು ಗೊತ್ತಾಯಿತು. ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2005ರಲ್ಲಿ ತಂದೆ ಬದುಕಿರಲಿ ಬಿಡಲಿ, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಮುಗಿದ ನೋಂದಾಯಿತ ವಾಟ್ನಿಯಂಥವು ಮಾತ್ರ ಇದರ ಹೊರಗೆ. ಈ ಮನೆಯದು ವಾಟ್ನಿಯೇ ಆಗಿರಲಿಲ್ಲ.

"ಆಕೀದೇನ್ರೀ, ಸಹಿ ಮಾಡ್ತಾಳ. ನಾ ಮಾಡಿಸ್ತೀನಿ" ಎಂದ ಮಾಲೀಕ. ನಮ್ಮ ಹಿರಿಯರಿಗೆ ಅಷ್ಟು ಸಾಕಾಗಲಿಲ್ಲ. ಪುಣೆಯಿಂದ ಸೊಲ್ಲಾಪುರ ದೂರವೇನಲ್ಲ. ಹೆಂಡತಿಯನ್ನು ಕರೆದುಕೊಂಡು ತಾವೇ ಹೋದರು. ಆ ಹೆಣ್ಣುಮಗಳು ಚಹಾ ಕೊಟ್ಟು, ಎಲ್ಲ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳಂತೆ: "ನಮ್ಮಪ್ಪ ತೀರಿ ಹದಿನೈದು ವರ್ಷ ಆತ್ರಿ ಅಣ್ಣಾವ್ರ. ಆ ಮನಿ ಬಗ್ಗೆ ನನ್ನ ಒಂದ ಮಾತು ಕೇಳಿದವರು ನೀವ ಮೊದಲು."

ಆಮೇಲೆ ಆಕೆ ತನ್ನ ಪಾಲು ಕೇಳಿದಳು. ಕೇಳಬೇಕಾದದ್ದೇ.

ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಬಾಡಿಗೆಗಿದ್ದ ಒಬ್ಬ ದರ್ಜಿಯೂ ಇದ್ದ. ಅವನ ಕರಾರು ಪತ್ರ ಇರಲಿಲ್ಲ. ಅವನಿಗೂ ಮನೆ ಮಾರುವ ಸುದ್ದಿ ಗೊತ್ತಾದದ್ದು ನಮ್ಮವರು ಕೇಳಿದಾಗಲೇ. ನಮ್ಮ ಊರುಗಳ ಆಸ್ತಿ ಇರುವುದೇ ಹೀಗೆ. ಕಾಗದದಲ್ಲಿ ಒಬ್ಬನಿರುತ್ತಾನೆ, ಮನೆಯೊಳಗೆ ನಾಲ್ವರಿರುತ್ತಾರೆ. ಊರ ಹೊರಗಿನ ಜಮೀನಾದರೆ ಇನ್ನೂ ತೊಡಕು. ದೇವಸ್ಥಾನದ ಇನಾಮೋ, ಮಠದ್ದೋ, ವಕ್ಫಿನದೋ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಭೂಮಿಯಾದರೆ 1978ರ ಕಾನೂನಿನಂತೆ ಅನುಮತಿ ಇಲ್ಲದ ಖರೇದಿ ಖರೇದಿಯೇ ಅಲ್ಲ, ಭೂಮಿ ಮೂಲದವರಿಗೆ ಮರಳುತ್ತದೆ. ಕಾಲಮಿತಿಯ ನೆಪವೂ ಇರಬಾರದೆಂದು 2023ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಕೊಂಡವರು ಇದನ್ನು 'ರಿಸ್ಕ್' ಎನ್ನುತ್ತಾರೆ. ಕಷ್ಟಕಾಲದಲ್ಲಿ ಚಿಲ್ಲರೆ ಕಾಸಿಗೆ ಭೂಮಿ ಬರೆದುಕೊಟ್ಟವನ ಮನೆಯಲ್ಲಿ ಇದಕ್ಕೆ 'ನ್ಯಾಯ' ಎನ್ನುತ್ತಾರೆ. ಒಂದೇ ಸಂಗತಿ, ನಿಂತ ಜಾಗ ಬೇರೆ.

ಈಗ ಕೇಳಿ ಮುಂದಿನದನ್ನು. ತಂಗಿಯ ಪಾಲಿನ ಮಾತು ಬಂದದ್ದೇ ತಡ ಮಾಲೀಕ ಸಿಟ್ಟಾದ. "ನೀವು ಮನಿ ತಗೊಳ್ಳಾಕ ಬಂದೀರೋ, ಮನಿ ಒಡ್ಯಾಕ ಬಂದೀರೋ?" ಎಂದ. ಸಂಚಕಾರದ ಮಾತು ನಿಂತುಹೋಯಿತು. ಆರು ತಿಂಗಳಲ್ಲಿ ಆ ಮನೆಯನ್ನು ಬೇರೆ ಊರಿನವರೊಬ್ಬರು ಕೊಂಡರು. ಅವರು ಸೊಲ್ಲಾಪುರಕ್ಕೆ ಹೋಗಲಿಲ್ಲ. ದರ್ಜಿಯನ್ನು ಎಬ್ಬಿಸಿದರು. ಹಿಂಭಾಗದಲ್ಲಿ ರಾತ್ರೋರಾತ್ರಿ ಎರಡು ಖೋಲಿಯನ್ನೂ ಏರಿಸಿದರು. ಇವತ್ತಿನವರೆಗೆ ಯಾರೂ ದಾವೆ ಹಾಕಿಲ್ಲ, ಯಾವ ನೋಟೀಸೂ ಬಂದಿಲ್ಲ. ಅವರು ಅಲ್ಲಿ ಆರಾಮವಾಗಿಯೇ ಇದ್ದಾರೆ.

ಕೇಳಿದವರಿಗೆ ಮನೆ ಸಿಗಲಿಲ್ಲ, ಕೇಳದವರಿಗೆ ಸಿಕ್ಕಿತು. ಕಾಗದ ನೋಡುವುದು ಬರೀ ದುಡ್ಡಿನ ರಕ್ಷಣೆಗೆ ಎಂದಾದರೆ, ಈ ಕಥೆಯಲ್ಲಿ ನಮ್ಮ ಹಿರಿಯರು ಸೋತಂತೆ. ಅವರ ಮಗ ಹಾಗೆಯೇ ಹೇಳುತ್ತಾನೆ. "ಅಪ್ಪಾ, ಆಕೆಯ ಸಹಿ ತರೋದು ಮಾರೋನ ಕೆಲಸ. ನೀವ್ಯಾಕೆ ಸೊಲ್ಲಾಪುರಕ್ಕೆ ಹೋದ್ರಿ?" ಎಂಬುದು ಅವನ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಲೋಕದ ಎಲ್ಲ ಮನೆಗಳ ಎಲ್ಲ ಜಗಳಗಳನ್ನೂ ಕೊಳ್ಳುವವನೇ ಬಗೆಹರಿಸಬೇಕು ಎಂದರೆ ಯಾರೂ ಏನೂ ಕೊಳ್ಳಲಾಗುವುದಿಲ್ಲ.

ಆದರೂ ನಾನು ತಂದೆಯ ಪರ. ಕಾರಣ ಹೇಳುತ್ತೇನೆ. ಬಾದಾಮಿಯ ಮೂರನೆಯ ಗುಹೆಯ ಹತ್ತಿರ ಬಂಡೆಯಲ್ಲಿ ಮಂಗಲೇಶನ ಕಾಲದ ಒಂದು ಸಣ್ಣ ಕನ್ನಡ ಶಾಸನವಿದೆ, 6ನೇ ಶತಮಾನದ್ದು. ನಮ್ಮ ಭಾಷೆಯ ಬಹಳ ಹಳೆಯ ಬರಹಗಳಲ್ಲಿ ಒಂದು. ಓದಿ ನೋಡಿದರೆ ಅದೊಂದು ಆಸ್ತಿಪತ್ರ! ಗುಹಾಲಯವನ್ನು ಅದು 'ಕಲ್ಮನೆ' ಎಂದು ಕರೆಯುತ್ತದೆ. ಅಂದರೆ ಕಲ್ಲಿನ ಮನೆ. ದೇವರಿಗೆ ಹೂ ಕಟ್ಟುವ ಮಾಲೆಗಾರರ ಸಲುವಾಗಿ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟಿದ್ದನ್ನು ದಾಖಲಿಸುತ್ತದೆ. ಕೊನೆಗೆ, ಇದನ್ನು ಅಳಿದವನಿಗೆ ಪಂಚಮಹಾಪಾತಕ, ನರಕದಲ್ಲಿ ಹುಳುವಿನ ಜನ್ಮ ಎಂಬ ಶಾಪ. ಕೊಟ್ಟವನು ಯಾರು, ಕೊಟ್ಟದ್ದು ಏನು, ಅದರಿಂದ ಹೊಟ್ಟೆ ಹೊರೆಯುವವರು ಯಾರು, ಮುರಿದರೆ ಏನು, ಎಲ್ಲವೂ ಇದೆ. ಇಂದಿನ ಖರೇದಿ ಪತ್ರದಲ್ಲಿ ಚಕಬಂದಿ ಇರುತ್ತದೆ, ಕಿಮ್ಮತ್ತು ಇರುತ್ತದೆ, ಹೂ ಕಟ್ಟುವವರು ಇರುವುದಿಲ್ಲ. ಅವರನ್ನು ನಾವೇ ಹುಡುಕಿಕೊಂಡು ಹೋಗಿ ಕೇಳಬೇಕು.

ಊರಲ್ಲೇ ಇರುವವನು ಕೇಳದಿದ್ದರೂ ಹೇಗೋ ನಡೆದೀತು. ಅವನಿಗೆ ಓಣಿಯ ಕಥೆ ಗೊತ್ತಿರುತ್ತದೆ, ಮುಂಜಾನೆ ಎದ್ದರೆ ಅದೇ ಜನರ ಮುಖ ನೋಡಬೇಕಾಗುತ್ತದೆ, ಆ ಮುಲಾಜೇ ಅವನನ್ನು ತಡೆಯುತ್ತದೆ. ಹೊರನಾಡಿನಿಂದ ದುಡ್ಡು ಹಿಡಿದು ಬರುವವನಿಗೆ ಆ ಮುಲಾಜಿಲ್ಲ. ಅವನ ಅಜ್ಞಾನ ಅವನಿಗೆ ಬಹಳ ಅನುಕೂಲ. "ನಾನು ದೂರ ಇರೋನು, ನನಗೇನು ಗೊತ್ತು?" ಎಂದರೆ ಮುಗಿಯಿತು. ಆ ಅನುಕೂಲವನ್ನು ಬಳಸಿಕೊಳ್ಳದಿರುವುದೇ ಹೊರನಾಡಿಗನ ಮರ್ಯಾದೆ ಎಂದು ನಾನು ತಿಳಿದಿದ್ದೇನೆ. ಊರು ನಮ್ಮದು ಎನ್ನುವುದಕ್ಕೆ ಖರೇದಿ ಪತ್ರ ಸಾಲದು. ಅಲ್ಲಿನವರ ಪಾಲಿನ ತೊಂದರೆಯೂ ನಮಗೆ ಗೊತ್ತಿರಬೇಕು.

ಹಾಗೆ ಕೇಳಿದ ಮೇಲೆ ಕೊಳ್ಳಲೇಬಾರದು ಎಂದಲ್ಲ. ನೂರು ಮೀಟರಿನ ಒಳಗಿನ ಮನೆಯನ್ನು ಇದ್ದ ಹಾಗೆಯೇ ಇಟ್ಟುಕೊಂಡು, ಅನುಮತಿ ಪಡೆದು ದುರಸ್ತಿ ಮಾಡಿ ಬಾಳುವ ಮನಸ್ಸಿದ್ದರೆ, ತಂಗಿಯರ ಸಹಿ ಅವರ ಪಾಲು ಕೊಟ್ಟೇ ಬಂದಿದ್ದರೆ, ಬಾಡಿಗೆಯವನಿಗೆ ಒಂದು ದಾರಿಯಾಗಿದ್ದರೆ, ಸಂತೋಷವಾಗಿ ಕೊಳ್ಳಬೇಕು. ಮೇಲೆ ಅಂತಸ್ತು ಏರಿಸಿ ಹೋಮ್‌ಸ್ಟೇ ಮಾಡುವ ಮನಸ್ಸಿದ್ದರೆ ಅಲ್ಲಿ ಕೊಳ್ಳಬಾರದು. ಬರೀ ನೆನಪಿಗೆ ಬೇಕು ಎಂದರೆ ವರ್ಷಕ್ಕೆರಡು ತಿಂಗಳು ಬಾಡಿಗೆಗೆ ಹಿಡಿದರೂ ಸಾಕು. ನಮ್ಮ ಹಿರಿಯರು ಈಗ ಮಾಡುತ್ತಿರುವುದು ಅದನ್ನೇ. ಬನಶಂಕರಿ ಜಾತ್ರೆಯ ಹೊತ್ತಿಗೆ ಹೋಗುತ್ತಾರೆ. ಆ ದರ್ಜಿ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಹಾಕಿದ್ದಾನಂತೆ. ಇವರ ಜುಬ್ಬ ಹೊಲಿಯುವುದು ಅವನೇ.

ಒಳನಾಡಿನಲ್ಲಿರುವ ನಿಮ್ಮಲ್ಲಿ ನನ್ನದು ಒಂದೇ ವಿನಂತಿ. ನಾಳೆ ಪುಣೆಯಿಂದಲೋ ಮುಂಬಯಿಯಿಂದಲೋ ಒಬ್ಬ ಬಂದು ನಿಮ್ಮ ಓಣಿಯಲ್ಲಿ ಮನೆ ನೋಡಿ, ಹಳೆಯ ಕಾಗದ ಕೇಳಿ, ನಿಮ್ಮ ಅಕ್ಕತಂಗಿಯರು ಎಲ್ಲಿದ್ದಾರೆ ಎಂದು ವಿಚಾರಿಸಿದರೆ, ಸಂಶಯದ ಮನುಷ್ಯ ಎಂದು ಸಿಟ್ಟಾಗಬೇಡಿ. ಅವನು ಕೇಳುವುದನ್ನು ಮರೆತಿದ್ದರೆ ನೀವೇ ಕರೆದು ಕೂರಿಸಿ, ಇನ್ನೂ ಯಾರನ್ನು ಕೇಳಬೇಕು ಎಂಬುದನ್ನು ಹೇಳಿ.